ನಿಂತ ಗಾಡಿಯ ದೀಪಗಳು

ಬಾಗಲಕೋಟೆಯ ನವನಗರಕ್ಕೆ ಬಂದ ಹೊಸತರಲ್ಲಿ ನಮ್ಮ ಮನೆ ನಮಗೇ ಸಿಗುತ್ತಿರಲಿಲ್ಲ. ಎಲ್ಲಾ ಸೆಕ್ಟರುಗಳೂ ಒಂದೇ ಅಚ್ಚಿನವು, ರಸ್ತೆಗಳಿಗೆ ಹೆಸರಿನ ಬದಲು ನಂಬರು. ಹಳೆ ಊರಿನಲ್ಲಿ ಕಣ್ಣು ಮುಚ್ಚಿಕೊಂಡು ಮನೆ ಸೇರುತ್ತಿದ್ದ ನಾನು ಇಲ್ಲಿ ಬೇರೆಯವರ ಬಾಗಿಲು ಬಡಿದು ಬೈಸಿಕೊಂಡಿದ್ದೇನೆ. ಹಾಗಾಗಿ ಪಕ್ಕದ ಮನೆಯ ಗುರುಲಿಂಗವ್ವ ‘ಇದು ನಮ್ಮ ಮನಿ ಅಲ್ಲ’ ಎಂದು ಹಟ ಹಿಡಿದಿದ್ದಾಳೆಂದು ಕೇಳಿದಾಗ ನಾನು ನಕ್ಕು, “ಆಕಿ ಖರೇನ ಹೇಳ್ತಾಳ ಬಿಡ್ರಿ” ಅಂದಿದ್ದೆ. ಆ ನಗು ಬಹಳ ದಿನ ಬಾಳಲಿಲ್ಲ.

ನನ್ನದು ಹಿಟ್ಟಿನ ಗಿರಣಿ. ಹಳೆ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವಾಗ ಮಂದಿ ಬಾಗಿಲು, ತೊಲೆ ಕಿತ್ತು ತಂದರು. ನಾನು ಡೀಸೆಲ್ ಎಂಜಿನ್ ಕಿತ್ತು ತಂದೆ. ಗಿರಣಿಯ ಗೋಡೆಗೇ ಹತ್ತಿಕೊಂಡು ಗುರುಲಿಂಗವ್ವನ ಮಗ ಕಾಶಪ್ಪನ ತಗಡಿನ ಶೆಡ್ಡು. ಅದರೊಳಗೆ ತೀರಿಕೊಂಡ ಅವನಪ್ಪ ಶಿವಸಂಗಪ್ಪ ಬಿಟ್ಟುಹೋದ ಬಾಡಿಗೆ ಅಂಬಾಸಡರ್ ಕಾರು, ನನಗಿಂತ ಸ್ವಲ್ಪವೇ ಚಿಕ್ಕದು. ಬಾದಾಮಿಗೆ ಗುಡಿ ನೋಡಲು ಹೋಗುವವರು, ಇಳಕಲ್ಲಿಗೆ ಮದುವೆ ಸೀರೆ ತರಲು ಹೋಗುವವರು, ಕೂಡಲಸಂಗಮಕ್ಕೆ ಹರಕೆ ಹೊತ್ತವರು, ಹೀಗೆ ಊರಿನ ಅರ್ಧ ಮಂದಿ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತವರೇ.

ಗಾಡಿ ಓಡಿಸುವವನಿಗೆ ತನ್ನ ಗಾಡಿಯ ಹಿಂದಿನ ದೀಪ ಕಾಣುವುದಿಲ್ಲ. ಅದನ್ನು ನೋಡುವ ಕೆಲಸ ಗುರುಲಿಂಗವ್ವನದಾಗಿತ್ತು. ಬಾಡಿಗೆಗೆ ಹೊರಡುವ ಮುಂಚೆ ಗಂಡ ಒಳಗೆ ಕೂತು ಬ್ರೇಕ್ ಒತ್ತುವನು, ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ನಿಂತು “ಹತ್ತೇತಿ!” ಎಂದು ಕೂಗುವಳು. ಆಮೇಲೆ ಎಡಗಡೆಯ ಇಂಡಿಕೇಟರ್, ಬಲಗಡೆಯದು, ಮುಂದಿನವು. ಒಂದು ದೀಪ ಹತ್ತದಿದ್ದರೂ ಗಾಡಿ ಓಣಿ ದಾಟುವಂತಿಲ್ಲ. ಒಮ್ಮೆ ಒಬ್ಬ ದೊಡ್ಡ ಸಾಹುಕಾರರನ್ನು, ಬಲ್ಬು ಬರುವವರೆಗೆ, ತನ್ನ ಮನೆಯ ಕಟ್ಟೆಯ ಮೇಲೆ ಕೂರಿಸಿ ಚಹಾ ಕುಡಿಸಿದ್ದಳು. ಸಾಲಿ ಮೆಟ್ಟಿಲು ಹತ್ತಿದವಳಲ್ಲ, ಜೋರಿನ ಹೆಂಗಸು. ಅವಳ ಬಾಯಿಗೆ ಓಣಿಯೆಲ್ಲ ಹೆದರುತ್ತಿತ್ತು, ನಾನೂ ಸೇರಿ.

ಎರಡು ಸಾವಿರದ ಆರರ ಸುಮಾರಿಗೆ ಅವಳಿಗೆ ಮರೆವು ಶುರುವಾಯಿತು. ಹಗಲೆಲ್ಲ ಸುಮ್ಮನಿರುವಳು. ದೀಪ ಹಚ್ಚುವ ಹೊತ್ತಾಯಿತೆಂದರೆ ಒಂದೆರಡು ಸೀರೆ ಗಂಟು ಕಟ್ಟಿಕೊಂಡು ಕಟ್ಟೆಗೆ ಬಂದು ಕೂರುವಳು. “ಮನಿಗೆ ಹೋಗೂಣು ನಡಿಯೋ ಕಾಶಪ್ಪ, ಕತ್ತಲಾತು.” ಇದೇ ಮನೆ ಎಂದರೆ ಸಿಟ್ಟು. ಸೊಸೆ ಸಂಗವ್ವ ತಾಟು ಹಿಡಿದು ಬಂದರೆ, “ಮಂದಿ ಮನ್ಯಾಗ ಎಷ್ಟ ದಿನಾ ಉಣ್ಣೂದವಾ?” ಎಂದು ಮುಖ ತಿರುಗಿಸುವಳು. ಮನೆ ಮುಟ್ಟದ ಹೊರತು ತುತ್ತು ಮುಟ್ಟುತ್ತಿರಲಿಲ್ಲ. ಕುಪ್ಪಸ ಹೆಗಲಿಂದ ಜಾರುವಷ್ಟು ಸೊರಗಿದಳು. ದವಾಖಾನಿಯಲ್ಲಿ ತೋರಿಸಿದರೆ ವಯಸ್ಸು ಅಂದರು.

ಕಾಶಪ್ಪ ಒಂದು ಉಪಾಯ ಮಾಡಿದ. ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಸೆಕ್ಟರುಗಳನ್ನು ಸುತ್ತುಹಾಕಿ, ಅದೇ ಮನೆಗೆ ಹಿಂದಿನ ರಸ್ತೆಯಿಂದ ಬಂದು ನಿಲ್ಲಿಸಿ “ಮನಿ ಬಂತು ನೋಡವಾ” ಅಂದ. ಅವಳು ಇಳಿದು, ಕಾಲು ತೊಳೆದು, ಹೊಟ್ಟೆ ತುಂಬ ಉಂಡಳು. ಅಂದಿನಿಂದ ದಿನಾ ಸಂಜೆ ಇದೇ ಪ್ರಯಾಣ. ಹೊರಡುವ ಮುಂಚೆ ಮಾತ್ರ ಹಿಂದೆ ನಿಂತು ದೀಪ ನೋಡುವುದನ್ನು ಬಿಡಲಿಲ್ಲ. ಮಗನ ಹೆಸರನ್ನೇ ಒಮ್ಮೊಮ್ಮೆ ಮರೆಯುತ್ತಿದ್ದವಳಿಗೆ ಅದೊಂದು ನೆನಪಿತ್ತು.

ಕೆಲ ತಿಂಗಳಾದ ಮೇಲೆ ಎಂಜಿನ್ ಜಾಮ್ ಆಯಿತು. ಅದೂ ತಾಯಿ ಗಂಟು ಹಿಡಿದು ಹಿಂದಿನ ಸೀಟಿನಲ್ಲಿ ಕೂತ ಮೇಲೆ. ಕಾಶಪ್ಪನಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಗೋಡೆಯ ಆಚೆ ನನ್ನ ಗಿರಣಿ ಜೋಳ ಬೀಸುತ್ತಿತ್ತು. ತಗಡಿನ ಶೆಡ್ಡೆಲ್ಲ ಗಡಗಡ ನಡುಗುತ್ತಿತ್ತು, ಒಳಗಿನ ಕಾರೂ ಓಡುವ ಗಾಡಿಯಂತೆ ನಡುಗುತ್ತಿತ್ತು. ಅವನು ಹೆಡ್‌ಲೈಟ್ ಹಚ್ಚಿ, ನಿಂತ ಗಾಡಿಯ ಸ್ಟಿಯರಿಂಗ್ ತಿರುಗಿಸುತ್ತ ಕೂತ. “ಬಸ್‌ಸ್ಟ್ಯಾಂಡ್ ದಾಟಿತವಾ” ಅಂದ. ಅವಳು “ಸಾವಕಾಶ ಹೊಡಿ” ಅಂದಳು. ಗಾಡಿ ಒಂದು ಗೇಣೂ ಮುಂದೆ ಸರಿಯದೆ ಅವಳು ಹಳೆ ಊರು ಮುಟ್ಟಿದಳು.

ಇದೆಲ್ಲ ಗೊತ್ತಿಲ್ಲದ ನಾನು ದಿನಾ ಸಂಜೆ ಶೆಡ್ಡಿನೊಳಗಿಂದ ಹಾರ್ನ್ ಕೇಳಿ ಜಗಳಕ್ಕೇ ಹೋದೆ. ಗಿರಣಿ ಇಟ್ಟವನು ಸಪ್ಪಳದ ಬಗ್ಗೆ ಜಗಳ ಆಡುವುದು ಚೆಂದವೇ! ಕಾಶಪ್ಪ ಸಿಟ್ಟಾಗಲಿಲ್ಲ. “ಕಾಕಾ, ಆ ಹೊತ್ತಿಗೆ ಬೀಸೂದು ಇರ್ಲಿ, ಇಲ್ಲದಿರ್ಲಿ, ಒಂಚೂರು ಎಂಜಿನ್ ಚಾಲು ಇಡ್ರಿ. ನಮ್ಮವ್ವ ಮನಿಗೆ ಹೋಗೂದೈತಿ” ಎಂದು ಕೈ ಹಿಡಿದುಕೊಂಡ. ಅವತ್ತಿನಿಂದ ನಾನೂ ಆ ಪ್ರಯಾಣದಲ್ಲಿ ಸೇರಿದೆ.

ದಾರಿಯನ್ನು ಅವಳೇ ಹೇಳುತ್ತಿದ್ದಳು. ಚೌಕ, ಅಲ್ಲಿಂದ ಹುಣಸೆಮರ. ಹುಣಸೆಮರದ ಹತ್ತಿರ ಎಡಕ್ಕೆ ಹೊರಳಿದರೆ ನಮ್ಮ ಹಳೆ ಓಣಿ. ಹೊರಳದೆ ನೆಟ್ಟಗೆ ಹೋದರೆ ಘಟಪ್ರಭೆಯ ದಂಡೆ. ಅಲ್ಲಿ ಅವನು ಇಂಡಿಕೇಟರ್ ಹಾಕುವನು. ಟಿಕ್ ಟಿಕ್ ಎಂದು ಸಪ್ಪಳವಾಗಿ, ಶೆಡ್ಡಿನ ಗೋಡೆಯ ಮೇಲೆ ಹಳದಿ ಬೆಳಕು ಬಂದು ಬಂದು ಹೋಗುವುದು. ಅವಳು ಗಂಟು ತೊಡೆಯ ಮೇಲೆ ಎಳೆದುಕೊಂಡು ಇಳಿಯಲು ಸಜ್ಜಾಗುವಳು.

ತೊಂದರೆ ಬ್ಯಾಟರಿಯದು. ಎಂಜಿನ್ ಸತ್ತ ಗಾಡಿಯಲ್ಲಿ ಬ್ಯಾಟರಿ ತುಂಬುವುದಿಲ್ಲ. ಹಳೆ ಬಲ್ಬುಗಳು ಇದ್ದದ್ದನ್ನೆಲ್ಲ ಕುಡಿದುಬಿಡುತ್ತವೆ. ಕಾಶಪ್ಪ ಈಗ ಬೇರೆಯವರ ಟ್ರ್ಯಾಕ್ಸ್ ಜೀಪು ಓಡಿಸುತ್ತಿದ್ದ, ಹುನಗುಂದ, ಇಳಕಲ್ಲ ಎಂದು ದಿನವಿಡೀ ತಿರುಗಿ ಬಂದವನು ಬ್ಯಾಟರಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಚಾರ್ಜಿಗೆ ಒಯ್ಯಬೇಕು. ಒಂದು ಸಂಜೆ ಚೌಕದ ಹತ್ತಿರ ದೀಪಗಳು ಕೆಂಪಾಗಿ ಆರಿಹೋದವು. “ನಡುದಾರ್ಯಾಗ ಬಿಟ್ಟೆಲ್ಲೋ” ಎಂದು ಅವಳು ಅಂಜಿದಳು. ಅವತ್ತು ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ.

ಆಗ ಮಲೀಕಸಾಬ ಬಂದ. ಅವನೂ ಹಳೆ ಊರಿನವನೇ, ಗಾಡಿಗಳ ವೈರಿಂಗ್ ಕೆಲಸದವನು. “ಎಲ್‌ಇಡಿ ಹಾಕೂಣಪಾ. ಬ್ಯಾಟರಿಗೆ ಗೊತ್ತ ಆಗಂಗಿಲ್ಲ, ವಾರಗಟ್ಟಲೆ ಬರ್ತೈತಿ” ಅಂದ. ಹುಬ್ಬಳ್ಳಿಯಿಂದ ತರಿಸಿದ. ಹಿಂದಿನ ಕೆಂಪು ಗಾಜಿಗೆ ಕೆಂಪು ಎಲ್‌ಇಡಿ, ಇಂಡಿಕೇಟರಿಗೆ ಹಳದಿ. ಹೆಡ್‌ಲೈಟಿಗೆ ಸಿಗದೆ, ಸಣ್ಣ ಸಣ್ಣ ಬಿಳಿಯವನ್ನು ದುಂಡಗೆ ಬೆಸುಗೆ ಹಾಕಿ ತಾನೇ ಕೂರಿಸಿದ. ತುಕ್ಕು ಹಿಡಿದ ಹೋಲ್ಡರುಗಳನ್ನು ಮರಳುಕಾಗದದಿಂದ ತಿಕ್ಕಿ ಬೆಳಗಿದ. ಎಲ್ಲ ಹಚ್ಚಿ ನೋಡಿದಾಗ ಮುದುಕ ಗಾಡಿ ಮದುಮಗನಂತೆ ಕಂಡಿತು.

ಆದರೆ ಇಂಡಿಕೇಟರ್ ಮಿಣುಕಲಿಲ್ಲ. ಹತ್ತಿದ್ದು ಹತ್ತಿಯೇ ಇತ್ತು. “ದೀಪಾ ಮಿಣುಕಸೂ ಹಳೀ ಫ್ಲಾಷರ್ ಬಲ್ಬಿನ ಕರೆಂಟಿಗೆ ಬಿಸಿಯಾಗಿ ಟಿಕ್ ಟಿಕ್ ಅಂತೈತಿ. ಈ ಎಲ್‌ಇಡಿ ಕರೆಂಟ ಎಳಿಯಂಗಿಲ್ಲ, ಅದು ಬಿಸಿ ಆಗಂಗಿಲ್ಲ. ಹೊಸಾದು ತರಸ್ಬೇಕು” ಎಂದ ಮಲೀಕಸಾಬ. ಆಮೇಲೆ ತಾನೇ ನಕ್ಕ. “ನಿಂತ ಗಾಡಿ ಹಿಂದ ಯಾರ್ ಬರ್ತಾರೋ ಮಾರಾಯಾ? ಸಾವಕಾಶ ಹಾಕೂಣಂತ.” ಇಂಡಿಕೇಟರ್ ಇರುವುದೇ ಹಿಂದೆ ಬರುವವರಿಗಾಗಿ. ಕಾಶಪ್ಪನೂ ಹೂಂ ಅಂದ, ನಾನೂ ಹೂಂ ಅಂದೆ.

ಅವತ್ತು ಸಂಜೆ ಗುರುಲಿಂಗವ್ವ ಹಿಂದೆ ನಿಂತಳು. ಕಾಶಪ್ಪ ಬ್ರೇಕ್ ಒತ್ತಿದ. “ಹತ್ತೇತಿ! ಭಾಳ ಚಲೋ ಹತ್ತೇತಿ!” ಎಂದಳು. ಇಂಡಿಕೇಟರ್ ನೋಡುವ ಮುನ್ನವೇ ಮಗ ಅವಳನ್ನು ರಮಿಸಿ ಒಳಗೆ ಕೂರಿಸಿದ. ನಾನು ಗಿರಣಿ ಚಾಲೂ ಮಾಡಿ ಬಾಗಿಲಿಗೆ ಬಂದು ನಿಂತೆ. ಬಸ್‌ಸ್ಟ್ಯಾಂಡ್ ದಾಟಿತು, ಚೌಕ ದಾಟಿತು.

“ಹುಣಸಿಮರ ಬಂತು. ಎಡಕ್ಕ ಹೊಳ್ಳಸು.”

“ಹೊಳ್ಳಸೇನವಾ.”

“ಎಲ್ಲಿ ಹೊಳ್ಳಸಿ? ಟಿಕ್ ಟಿಕ್ ಅನ್ನವಲ್ದು.”

ಕಾಶಪ್ಪ ಇಂಡಿಕೇಟರಿನ ಕಡ್ಡಿಯನ್ನು ಮೇಲೆ ಕೆಳಗೆ ಆಡಿಸಿದ. ಗೋಡೆಯ ಮೇಲೆ ಹಳದಿ ಬೆಳಕು ಕದಲದೆ ನಿಂತಿತ್ತು. ಆ ನಲವತ್ತರ ಗಂಡಸು ನಾಲಿಗೆಯಿಂದ ಟಿಕ್ ಟಿಕ್ ಎಂದು ಸಪ್ಪಳ ಮಾಡತೊಡಗಿದ. ನನಗೆ ನೋಡಲಾಗಲಿಲ್ಲ.

“ಬಾಯಾಗ ಏನ್ ಮಾಡ್ತಿಯೋ? ಓಣಿ ದಾಟಿತಲ್ಲೋ! ಮುಂದ ಹೊಳಿ ಐತಿ, ನಿಂದರಸು! ನೀರಾಗ ಹೊಂಟಿ, ನಿಂದರಸೋ!” ಅವಳು ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದಳು. ನಾನು ಓಡಿಹೋಗಿ ಎಂಜಿನ್ ಆರಿಸಿದೆ.

ಎಲ್ಲ ಸಪ್ಪಳ ನಿಂತ ಮೇಲೆ ಅವಳು ಮೆಲ್ಲಗೆ ಕೇಳಿದಳು. “ಮನ್ಯಾಗ ನೀರು ಬಂದಿತ್ತಲ್ಲ ಕಾಶಪ್ಪ? ನಮ್ಮ ಮನಿ ಹೋತಲ್ಲ?”

ಇಷ್ಟು ದಿನ ಅಷ್ಟು ಸುಳ್ಳು ಹೇಳಿದ್ದವನಿಗೆ ಆ ಹೊತ್ತಿಗೆ ಒಂದೂ ಬಾಯಿಗೆ ಬರಲಿಲ್ಲ. “ಹೂಂ ಯವ್ವಾ, ಹೋತು” ಅಂದ.

ಊರು ಬಿಟ್ಟ ದಿನ ಅವಳು ಅತ್ತಿರಲಿಲ್ಲ. ಎಲ್ಲರ ಸಾಮಾನು ಲಾರಿಗೆ ಏರಿಸುತ್ತ, ಅಳುವ ಹೆಂಗಸರಿಗೆ ಬೈಯುತ್ತ ಓಡಾಡಿದ್ದಳು. ಆ ಅಳುವನ್ನೆಲ್ಲ ಅವತ್ತು ಆ ನಿಂತ ಗಾಡಿಯಲ್ಲಿ ಕೂತು ಅತ್ತಳು. ಸಂಗವ್ವ ಬಂದು ಇಳಿಸಿಕೊಂಡು ಹೋದಳು.

ಮರುದಿನ ಸುದ್ದಿ ತಿಳಿದ ಮಲೀಕಸಾಬ ಕೆಲಸ ಬಿಟ್ಟು ಬಂದ. ಇಂಡಿಕೇಟರುಗಳಿಗೆ ಹಳೆ ಬಲ್ಬುಗಳನ್ನೇ ತಿರುಗಿ ಹಾಕಿದ. ಟಿಕ್ ಟಿಕ್ ಎಂದಿತು. ನಾನು ಹೊತ್ತಿಗೆ ಮುಂಚೆಯೇ ಗಿರಣಿ ಚಾಲೂ ಮಾಡಿದೆ.

ಗುರುಲಿಂಗವ್ವ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಗಂಟಿರಲಿಲ್ಲ. ಸಂಗವ್ವ ಕೊಟ್ಟ ತಾಟಿನಿಂದ ರೊಟ್ಟಿ ಮುರಿದು ತಿನ್ನುತ್ತಿದ್ದಳು.

“ಯವ್ವಾ, ಗಾಡಿ ತಯಾರೈತಿ. ದೀಪಾ ನೋಡ್ ಬಾ, ಮನಿಗೆ ಹೋಗೂಣು” ಎಂದ ಕಾಶಪ್ಪ.

ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಒಳಗಿನವರಿಗೆ ಕೇಳಿಸದಂತೆ ದನಿ ತಗ್ಗಿಸಿದಳು. “ಬ್ಯಾಡಪಾ, ಅಲ್ಲಿ ನೀರೈತಿ. ಈ ಮನಿಯವ್ರು ಚಲೋ ಮಂದಿ ಅದಾರ, ಹೊತ್ತಿಗೆ ಸರಿ ರೊಟ್ಟಿ ಕೊಡ್ತಾರ. ಹೋಗ್ರಿ ಅನ್ನೂತನಕ ಇಲ್ಲೇ ಇದ್ದಬಿಡೂಣು.” ತಾಟಿನಲ್ಲಿದ್ದ ರೊಟ್ಟಿಯನ್ನು ಅರ್ಧ ಮಾಡಿ ಅವನ ಕೈಗಿಟ್ಟಳು. “ನೀನೂ ಉಣ್ಣು. ಅವ್ರು ಏನೂ ಅನ್ನಂಗಿಲ್ಲ.”

ಕಾಶಪ್ಪ ತನ್ನ ಮನೆಯ ಕಟ್ಟೆಯ ಮೇಲೆ ಅವಳ ಪಕ್ಕ ಕೂತು ಆ ರೊಟ್ಟಿ ತಿಂದ.