ಖಾಲಿ ಹಾಳೆಯ ಸಹಿ

ಚಿಕ್ಕೋಡಿಯ ಕೋರ್ಟಿನೆದುರು ಟೈಪಿಂಗ್ ಮಷಿನ್ ಇಟ್ಟುಕೊಂಡು ಕುಳಿತವಳು ನಾನು. ಅಫಿಡವಿಟ್ಟು, ಬಾಡಿಗೆ ಕರಾರು, ಆಸ್ತಿ ಪಾಲಿನ ವಾಟ್ನಿ ಪತ್ರ, ಜನ ಹೇಳಿದ್ದನ್ನೆಲ್ಲ ಹೊಡೆದು ಕೊಡುತ್ತಿದ್ದೆ. ಅದರಲ್ಲಿ ಅರ್ಧ ಸುಳ್ಳೆಂದು ಗೊತ್ತಿದ್ದರೂ ಕೈ ನಿಲ್ಲುತ್ತಿರಲಿಲ್ಲ. ಇದರ ನಡುವೆ ನನಗೊಂದು ಹುಚ್ಚು: ಹಳೆಯ ಸಿನಿಮಾ ನಟನಟಿಯರು ಸಹಿ ಮಾಡಿದ ಕರಾರುಪತ್ರಗಳನ್ನು ಕೂಡಿಹಾಕುವುದು. ಫೋಟೋದ ಮೇಲಿನ ಸಹಿ ನನಗೆ ಬೇಡ, ಅದು ಮಂದಿಗಾಗಿ ನಕ್ಕು ಮಾಡಿದ್ದು. ಕರಾರಿಗೆ ಸಹಿ ಹಾಕುವಾಗ ಎಂಥ ನಾಯಕಿಯ ಕೈಯೂ ಸ್ವಲ್ಪ ನಡುಗಿರುತ್ತದೆ. ನಿಪ್ಪಾಣಿಯ ರದ್ದಿ ಅಂಗಡಿಯಲ್ಲಿ, ಅಥಣಿಯ ಮುಚ್ಚಿದ ಟಾಕೀಜಿನಲ್ಲಿ, ಎಲ್ಲಿ ಸಿಗುತ್ತದೆಂದರೂ ಓಡುತ್ತಿದ್ದೆ. "ಸತ್ತವರ ಸಹಿ ಮನ್ಯಾಗ ಯಾಕ ಬೇಕವಾ ನಿನಗ?" ಎಂದು ನನ್ನ ತಾಯಿ ಬೈಯುತ್ತಿದ್ದಳು.

ಅಂಕಲಿಯಲ್ಲಿ ಒಬ್ಬ ನಟಿ ಇದ್ದಾರೆಂದು ತಿಳಿದದ್ದು ತಡವಾಗಿ. ಕಪ್ಪು-ಬಿಳುಪು ಕಾಲದವರು, ಮರಾಠಿ ಚಿತ್ರಗಳಲ್ಲಿ ಮೆರೆದು, ವಯಸ್ಸಾದ ಮೇಲೆ ಹುಟ್ಟಿದೂರಿಗೆ ಬಂದಿದ್ದರು. ಹೋಗಿ ಹಳೆಯ ಕರಾರು ಕೇಳಿದೆ. "ಎಲ್ಲಾ ನೀರು ಕಾಸಾಕ ಸುಟ್ಟೀನಿ. ಹಾಳಿ ಕೊಡು, ಹೊಸಾದು ಮಾಡಿ ಕೊಡ್ತೀನಿ" ಎಂದರು. ಚೀಲದಲ್ಲಿದ್ದ ದಪ್ಪ ಹಾಳೆ ಕೊಟ್ಟೆ. ತೀರ ಕೆಳಗೆ, ಬಲಗಡೆ ಸಹಿ ಮಾಡಿದರು. ಖಾಲಿ ಹಾಳೆಗೆ ಸಹಿ ಹಾಕುವುದೆಂದರೆ ನಮ್ಮ ಕಡೆ ಕುತ್ತಿಗೆ ಕೊಟ್ಟಂತೆ. ಮೇಲೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು.

ಚಹಾ ತಂದ ಹೆಂಗಸನ್ನು "ಮನಿಕೆಲಸದಾಕಿ" ಎಂದರು. ನಾನು ತಲೆಯೆತ್ತಿ ನೋಡಿದೆ. ಅದೇ ಗದ್ದ, ಅದೇ ಹುಬ್ಬು. ಪರದೆಯ ಮೇಲೆ ನೋಡಿದ್ದ ಆ ನಟಿಯ ಮುಖವೇ ಕಪ್ಪು-ಬಶಿ ಹಿಡಿದು ನನ್ನ ಮುಂದೆ ನಿಂತಿತ್ತು. ಆಕೆ ಕಣ್ಣು ಕೆಳಗೆ ಹಾಕಿದಳು. ನಾನು ಚಹಾ ಕುಡಿದು ಬಂದೆ.

ಮುಂದಿನ ಮಳೆಗಾಲಕ್ಕೆ ನಟಿ ತೀರಿಕೊಂಡರು. ಅಲ್ಲಿಂದ ಶುರುವಾಯಿತು ನನ್ನ ಪೀಡೆ. ಹಾಳೆ ಪೆಟ್ಟಿಗೆಯೊಳಗಿದ್ದರೂ, ಮಷಿನ್ನಿನ ಮುಂದೆ ಕುಳಿತರೆ ಸಾಕು, ಏನೋ ಹೇಳಿ ಬರೆಸಲು ಅವರು ಬೆನ್ನ ಹಿಂದೆ ನಿಂತಂತೆ ಅನಿಸುತ್ತಿತ್ತು. ನಿಲ್ಲುತ್ತಾರೆ, ಹೇಳುವುದಿಲ್ಲ. ಟಿವಿಯಲ್ಲಿ ಅವರ ಚಿತ್ರ ಬಂದರೆ ಹೆದರಿ ಬಂದ್ ಮಾಡುತ್ತಿದ್ದೆ. ಅವರ ಅಣ್ಣನ ಮಗನೊಬ್ಬ ಹಾಳೆಯ ಸುದ್ದಿ ಹಿಡಿದು ಬಂದ. ಅದರ ಮೇಲೆ ಅಂಕಲಿಯ ಮನೆಯನ್ನು ತನ್ನ ಹೆಸರಿಗೆ ಬರೆದುಕೊಡಬೇಕಂತೆ. "ಸತ್ತಾಕಿ ಕೈಲೆ ಬರಸ್ತೀಯೇನಲೇ? ನಡಿ ಇಲ್ಲಿಂದ" ಎಂದು ಅಟ್ಟಿದೆ.

ಕೊನೆಗೆ ಅಂದು ಚಹಾ ತಂದಿದ್ದ ಆ ಹೆಂಗಸೇ ಬಂದಳು. ಈಕೆಗೂ ಮನೆಯೇ ಬೇಕಾಗಿರಬೇಕೆಂದು ಮುಖ ಗಂಟಿಕ್ಕಿದೆ.

"ಮನಿ ಬ್ಯಾಡ್ರಿ ಅಕ್ಕಾರ. ಸಹಿ ಮ್ಯಾಲ, 'ಈಕಿ ನನ್ನ ಮಗಳು' ಅಂತ ಅಷ್ಟ ಹೊಡದು ಕೊಡ್ರಿ."

"ಖರೇನ ಮಗಳೇನು?"

"ಹೌದ್ರಿ. ಆದ್ರ ಆಕಿ ಎಂದೂ ಹಂಗ ಅನ್ನಲಿಲ್ರಿ. ಸಾಯೂಮುಂದೂ ಅನ್ನಲಿಲ್ಲ."

ಪೆಟ್ಟಿಗೆಯಿಂದ ಹಾಳೆ ತೆಗೆದು ಮಷಿನ್ನಿಗೆ ಸಿಕ್ಕಿಸಿದೆ. ಇಷ್ಟು ವರ್ಷ ಸುಳ್ಳು ಹೊಡೆದ ಬೆರಳು ಆ ಒಂದು ಖರೆ ಮಾತಿಗೆ ಏಳಲಿಲ್ಲ. ಸಹಿ ಮಾಡಿದವರು ಆಡದ ಮಾತು ಅದು. ಹೊಡೆದರೆ ನನ್ನ ಮಾತಾಗುತ್ತಿತ್ತು. "ನನ್ನ ಕೈಲೆ ಆಗೂದಿಲ್ಲವಾ" ಎಂದೆ.

ಆಕೆ ಸಿಟ್ಟಾಗಲಿಲ್ಲ. ಹಾಳೆ ಬಿಡಿಸಿಕೊಂಡು ನನ್ನ ಪೆನ್ನು ಕೇಳಿದಳು. ತಾಯಿಯ ಸಹಿಯ ಪಕ್ಕದಲ್ಲಿ ತಡೆತಡೆದು ತನ್ನ ಹೆಸರು ಬರೆದಳು. ನಮ್ಮ ಕಡೆ ಹೆಸರಿನ ಮುಂದೆ ಅಪ್ಪನ ಹೆಸರೋ ಗಂಡನ ಹೆಸರೋ ಬರಬೇಕು. ಆಕೆ ಅಲ್ಲಿ ತಾಯಿಯ ಹೆಸರು ಬರೆದಳು. ಶಾಯಿ ಆರಲೆಂದು ಊದಿ, ಹಾಳೆಯನ್ನು ನನ್ನ ಕಡೆ ಸರಿಸಿದಳು.

"ಒಯ್ಯವಾ, ನಿಂದ ಅದು" ಎಂದೆ.

"ಬ್ಯಾಡ್ರಿ, ನಿಮ್ಮ ಪೆಟ್ಟಿಗ್ಯಾಗ ಇರ್ಲಿ. ಇದ್ದಾಗ ಒಂದಿನಾನೂ ಆಕಿ ನನ್ನ ಬಾಜೂಕ ಕುಂದ್ರಸ್ಕೊಳ್ಳಲಿಲ್ರಿ. ಈಗ ಎದ್ದು ಹೋಗಾಕ ಬರೂದಿಲ್ಲ ಆಕಿಗೆ."