ನಾಗಲಕ್ಷ್ಮಿಯ ಟ್ರಂಕು

ಪಾವಗಡದಲ್ಲಿ ಬಸ್ಸಿಳಿದ ದಿನ ನಾನು ಮೊದಲು ಕಂಡದ್ದು ಬೆಟ್ಟದ ಕೋಟೆಯನ್ನಲ್ಲ, ಟ್ರಂಕುಗಳನ್ನು. ಬಿಸಿಲಲ್ಲಿ ಸಾಲಾಗಿ ತಗಡಿನ ಟ್ರಂಕುಗಳು, ಒಂದೊಂದರ ಮೇಲೂ ಒಬ್ಬೊಬ್ಬ ಹುಡುಗಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಬೀಗದಕೈ. ಎಲ್ಲೋ ಊರು ಮುಳುಗಿ ಇವರನ್ನಿಲ್ಲಿ ತಂದು ಬಿಟ್ಟಿದ್ದಾರೆ ಎಂದುಕೊಂಡೆ. ಅದು ಹಾಸ್ಟೆಲ್ ತೆರೆಯುವ ದಿನವಂತೆ. ಮೈಸೂರಿನಲ್ಲಿ ನಾವು ಕಾನ್ವೆಂಟಿಗೆ ಹೋಗುತ್ತಿದ್ದುದು ಛತ್ರಿ, ಪ್ರೇಯರ್ ಬುಕ್ ಹಿಡಿದು. ಇಲ್ಲಿಯ ಮಕ್ಕಳು ಮನೆಯನ್ನೇ ಹೊತ್ತು ಬರುತ್ತಾರೆ.

ನನ್ನ ಹಳೆಯ ಶಿಷ್ಯೆ ಇಲ್ಲಿ ಹೆಡ್‌ಮಿಸ್ ಆಗಿದ್ದಳು. "ಒಂದೇ ವರ್ಷ ಮಿಸ್, ನಮ್ಮ ಹುಡುಗಿಯರಿಗೆ ಸ್ವಲ್ಪ ಇಂಗ್ಲಿಷ್" ಎಂದು ಕರೆದಳು. ಅವಳು ವರ್ಗವಾಗಿ ಹೋದಳು, ನಾನು ಉಳಿದೆ. ಆರು ವರ್ಷವಾಯಿತು. ಬೆಟ್ಟದ ಬುಡದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಬಂಡೆಯ ಕಾವಿಗೆ ಸಂಜೆಯೂ ಗೋಡೆ ಮುಟ್ಟುವ ಹಾಗಿಲ್ಲ. ಮುದ್ದೆಗೆ ಇಲ್ಲಿ ಸಂಗಟಿ ಎನ್ನುತ್ತಾರೆ. ತೆಲುಗಿನವರ ಹಾಗೆ ಅಜ್ಜಿಗೆ ಅವ್ವ ಎನ್ನುತ್ತಾರೆ. ಹಾಸ್ಟೆಲ್ ಹುಡುಗಿಯರು ನನ್ನನ್ನು ಅವ್ವ ಎಂದ ದಿನ, ಐ ಮಸ್ಟ್ ಸೇ, ಬಾಗಿಲು ಹಾಕಿಕೊಂಡು ಅತ್ತೆ.

ಈ ವರ್ಷ ಆ ಹಾಸ್ಟೆಲ್ ಮುಚ್ಚಿತು. ಕಟ್ಟಡ ಸರಿಯಿಲ್ಲ, ಮಕ್ಕಳೂ ಕಮ್ಮಿ ಎಂದು ಬಾಗಿಲಿಗೊಂದು ಚೀಟಿ ಅಂಟಿಸಿದರು, ಅಷ್ಟೆ. ಕೆಲವರು ನೆಂಟರ ಮನೆ ಸೇರಿದರು, ಕೆಲವರು ಓದು ಬಿಟ್ಟರು. ಹತ್ತನೇ ಕ್ಲಾಸಿನ ನಾಗಲಕ್ಷ್ಮಿಗೆ ಪಾವಗಡದಲ್ಲಿ ನೆಂಟರಿರಲಿಲ್ಲ. ಅವಳ ಹಳ್ಳಿಯ ಮೊದಲ ಬಸ್ಸು ಪಾವಗಡ ಮುಟ್ಟುವಷ್ಟರಲ್ಲಿ ಎರಡು ಪೀರಿಯಡ್ ಮುಗಿದಿರುತ್ತವೆ. ಅವಳ ಟ್ರಂಕು ನನ್ನ ಮಂಚದ ಕೆಳಗೆ ಬಂತು.

ಅವಳ ತಾಯಿ ಸಾಕಮ್ಮ ರಾಗಿಹಿಟ್ಟಿನ ಚೀಲ ಇಳಿಸಿ, "ಮೇಡಮ್ಮ, ಪರೀಕ್ಸೆ ಗಂಟ ನಿಮ್ ಕೈಗೆ ಆಕಿದೀನಿ. ಬೈದಾನಾ ಓದ್ಸಿ, ಒಡ್ದಾನಾ ಓದ್ಸಿ" ಎಂದಳು.

ಮೊದಲ ದಿನ ನಾನು ಪ್ರಾಪರ್ ಆಗಿ ಬೌಲಿನಲ್ಲಿ ಸೂಪ್ ಕೊಟ್ಟೆ. ಹುಡುಗಿ ಬಗ್ಗಿ ನೋಡಿ, "ಅವ್ವಾ, ಇದು ಕುಡ್ಯಾಕಾ, ಕೈ ತೊಳ್ಯಾಕಾ?" ಎಂದಳು. ಮಾರನೆಯ ದಿನ ತಾನೇ ಸಂಗಟಿ ತೊಳಸಿದಳು. ನನ್ನ ಪಾಲಿನದು ಚಿಕ್ಕದು, ಅವಳದು ದೊಡ್ಡದು. ನಾಲ್ಕು ತಿಂಗಳು ಹಾಗೇ ನಡೆಯಿತು.

ದಸರಾ ರಜೆಗೆ ಊರಿಗೆ ಹೊರಟಾಗ ಟ್ರಂಕು ಇಲ್ಲೇ ಬಿಟ್ಟಳು. ಪಕ್ಕದ ಮನೆಯ ರತ್ನಮ್ಮ ಮದುವೆಯಾದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಬಳೆ ಹಾಕಿ ಮಡಿಲು ತುಂಬುವುದನ್ನು ನೋಡಿದ್ದೆ. ಮಕ್ಕಳಿಲ್ಲದ ನನಗೆ ಆಸೆಯಾಯಿತು. ರತ್ನಮ್ಮ ಊರಲ್ಲಿರಲಿಲ್ಲ, ಇದ್ದಿದ್ದರೆ ತಡೆಯುತ್ತಿದ್ದಳು. ನಾಗಲಕ್ಷ್ಮಿಯ ವೇಲ್ ಹಿಡಿಸಿ ನಾನೂ ಮಡಿಲು ತುಂಬಿದೆ. ಹುಡುಗಿ ಮಡಿಲನ್ನೊಮ್ಮೆ, ಮಂಚದ ಕೆಳಗಿನ ಟ್ರಂಕನ್ನೊಮ್ಮೆ ನೋಡಿ, ಕಾಲಿಗೆ ಬಿದ್ದು ಹೋದಳು.

ರಜೆ ಮುಗಿಯಿತು. ಅವಳು ಬರಲಿಲ್ಲ. ವಾರ ಕಾದು ಅವಳ ಹಳ್ಳಿಯ ಬಸ್ಸು ಹತ್ತಿದೆ. ಜಗಲಿಯ ಮೇಲೆ ಅವಳ ಅಜ್ಜಿ ಕಡಲೇಕಾಯಿ ಸುಲಿಯುತ್ತಿದ್ದರು.

"ನೀವೇ ಮಡ್ಲು ತುಂಬಿ ಕಳ್ಸಿದ್ರಲ್ಲಮ್ಮ. ಇನ್ನು ಮಡಿಕ್ಕೊಳಾಕೆ ಆಗಾಕಿಲ್ಲ ಅನ್ನಾದ್ನ ಮರ್ವಾದೆಯಾಗಿ ಯೋಳಿದ್ರಿ ಅಂದ್ಕಂಡ್ವಿ. ನೀವ್ ದೊಡ್ಡೋರು, ಬಾಯ್ಬುಟ್ಟು ಅಂದೀರಾ?"

"ಅಯ್ಯೋ ಅಜ್ಜಿ, ನಾನು ಪ್ರೀತಿಗೆ ಹಾಕಿದ್ದು. ಅವಳೆಲ್ಲಿ?"

ಸಾಕಮ್ಮ ಬಾಗಿಲಲ್ಲಿ ನಿಂತು ನನ್ನ ಮುಖ ನೋಡದೆ ಹೇಳಿದಳು: "ಇಂದೂಪುರದಾಗೆ ನಮ್ ನಾದ್ನಿ ಎತ್ತವ್ಳೆ. ಕೂಸು ನೋಡ್ಕಳಾಕೆ ಕಳ್ಸಿದ್ವಿ. ಈಗ ಮದ್ಯದಾಗೆ ಕರ್ಕಂಬಂದ್ರೆ ಅವ್ರು ಏನಂದ್ಕಂತಾರೆ ಮೇಡಮ್ಮ?"

"ಪರೀಕ್ಷೆ ಮಾರ್ಚಿಗೆ, ಸಾಕಮ್ಮ."

"ನೋಡಾನ ಬುಡಿ."

ಮೈಸೂರಿನಲ್ಲಿ 'ನೋಡೋಣ' ಅಂದರೆ ನೋಡುತ್ತಾರೆ ಎಂದು ನಂಬಬಹುದು. ಇಲ್ಲಿ ಅದು ಮಾತು ಮುಗಿಯಿತು ಎನ್ನುವುದಕ್ಕೆ ಹೇಳುವುದು. ಅಷ್ಟು ಕಲಿಯಲು ನನಗೆ ಆರು ವರ್ಷ ಸಾಕಾಗಿತ್ತು. ಮಡಿಲಿನ ವಿಷಯ ಕಲಿಯಲು ಸಾಕಾಗಲಿಲ್ಲ. ಹಾಸ್ಟೆಲ್ ಮುಚ್ಚಿದವರು ಯಾರೋ, ನಿಜ. ಆದರೆ ಉಳಿದಿದ್ದ ಒಬ್ಬಳನ್ನು ಕಳಿಸಿಕೊಟ್ಟ ಕೈ ನನ್ನದು.

ಹೋದ ಸೋಮವಾರ ಸಾಕಮ್ಮ ಟ್ರಂಕಿಗೆ ಬಂದಳು. ಇರಲಿ ಬಿಡು ಎಂದೆ. ನಾದಿನಿ ಕೇಳಿದ್ದಾಳೆ ಎಂದಳು. ಬೀಗ ಹಾಕಿಯೇ ಇತ್ತು, ಕೀ ಹಿಂದೂಪುರದಲ್ಲಿ, ಹುಡುಗಿಯ ಕೊರಳಲ್ಲಿ. ಎತ್ತಿದಾಗ ಒಳಗೆ ಪುಸ್ತಕಗಳು ಒಂದು ಮೂಲೆಯಿಂದ ಇನ್ನೊಂದಕ್ಕೆ ಜಾರಿದ ಸದ್ದಾಯಿತು. ಸಾಕಮ್ಮನಿಗೂ ಕೇಳಿಸಿತು. ಸಿಂಬಿ ಸರಿ ಮಾಡಿಕೊಂಡು, ತಲೆಯ ಮೇಲೆ ಹೊತ್ತು ಹೋದಳು.

ಮೈಸೂರಿನಿಂದ ತಂಗಿಯ ಮಗಳು ಫೋನ್ ಮಾಡುತ್ತಾಳೆ: "ಎನಫ್, ಆಂಟಿ. ಕಮ್ ಹೋಮ್." ಮಾರ್ಚ್ ಮುಗಿಯಲಿ, ಒಬ್ಬಳು ಹುಡುಗಿ ಇದ್ದಾಳೆ ಎನ್ನುತ್ತೇನೆ. ಸಂಗಟಿ ಈಗಲೂ ಎರಡೇ ಆಗುತ್ತವೆ, ಒಂದಕ್ಕೆ ಹಿಟ್ಟಿನ ಅಳತೆ ನನಗೆ ಗೊತ್ತಿಲ್ಲ. ಮೈಸೂರಿಗೆ ಹೋದರೆ ಟೇಬಲ್ ಮೇಲೆ ಸೂಪ್ ಬರುತ್ತದೆ, ಎಲ್ಲರೂ ಸದ್ದಿಲ್ಲದೆ ಕುಡಿಯುತ್ತಾರೆ. ಕೈ ತೊಳೆಯಲೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿಯೂ ಈಗ ಯಾರೂ ಕೇಳುವುದಿಲ್ಲ.