ಬೇಟ

ಹಕ್ಕಿ ನೋಡುವ ನನ್ನ ಚಟವನ್ನು ಬೆಳಗಾವಿಯ ಕಾರ್ಖಾನೆಗಳ ಬಡಾವಣೆ ಉದ್ಯಮಬಾಗದ ಗೆಳೆಯರಿಗೆ ತಿಳಿಸಿ ಹೇಳಲು ನನ್ನಿಂದ ಆಗಲೇ ಇಲ್ಲ. ಎರಕದ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸಕ್ಕಿದ್ದ ಬಶೀರ ಒಮ್ಮೆ ಕೇಳಿದ, "ನೋಡಿ ಏನ್ ಮಾಡ್ತಿಯೋ?"

"ಬರಕೊಂತೀನಿ."

"ಬರಕೊಂಡು?"

"ತಾರೀಖು ಹಾಕ್ತೀನಿ."

ಅವನು ನನ್ನ ಹಣೆ ಮುಟ್ಟಿ ನೋಡಿದ.

ಪುಸ್ತಕದ ಹಕ್ಕಿಪ್ರೇಮಿಗಳು ವಸಂತ ಬಂದೊಡನೆ ಹಡಗು ಹತ್ತಿ ದೂರದ ದ್ವೀಪಗಳಿಗೆ ಹೋಗುತ್ತಾರೆ. ನನಗಿದ್ದದ್ದು ಖಾನಾಪುರದ ಬಸ್ಸು. ಬಿಸಿಲೇರಿದಂತೆ ಮಲಪ್ರಭೆ ಬಡವಾಗಿ, ಬಂಡೆ ಮರಳಿನ ಪುಟ್ಟ ದ್ವೀಪಗಳನ್ನು ಬಿಟ್ಟುಕೊಡುತ್ತಾಳೆ. ಮಳೆ ಬಿದ್ದೊಡನೆ ಕಸಿದುಕೊಳ್ಳುತ್ತಾಳೆ. ಅವಕ್ಕೆ ನಕಾಶೆಯಲ್ಲಿ ಜಾಗವಿಲ್ಲ. ಆದರೆ ಬಂಡೆಗೊರವ ಎಂಬ ಹಕ್ಕಿಗೆ ಅವುಗಳ ವಿಳಾಸ ಗೊತ್ತು. ಉದ್ದ ಕಾಲು, ದಪ್ಪ ಮೊಣಕಾಲು, ನಿದ್ದೆಗೆಟ್ಟ ಗುಮಾಸ್ತನಂಥ ದೊಡ್ಡ ಹಳದಿ ಕಣ್ಣು. ಗೂಡು ಕಟ್ಟುವ ಗೋಜಿಲ್ಲದೆ ಬರೀ ಕಲ್ಲಿನ ಮೇಲೆ ಮೊಟ್ಟೆ ಇಡುತ್ತದೆ. ಅದು ಕಾವು ಕೂತದ್ದನ್ನು ಒಮ್ಮೆ ನೋಡಬೇಕೆಂದು ಎರಡು ವಸಂತ ಅಲೆದಿದ್ದೆ. ನನ್ನ ದಿನಚರಿಯಲ್ಲಿ ಅದರ ಕೂಗು ಕೇಳಿದ್ದು ಹನ್ನೊಂದು ಸಲ, ಕಂಡದ್ದು ಸೊನ್ನೆ.

ಹೊಳೆದಂಡೆಯಲ್ಲಿ ಎಮ್ಮೆ ಸಾಕಿಕೊಂಡಿದ್ದ ಪರಶುರಾಮ ಕಾಕಾ, ತಮ್ಮ ಹೊಲದ ಎದುರಿನ ದ್ವೀಪದಲ್ಲೇ ಒಂದು ಜೋಡಿ ಇದೆ ಎಂದರು. ಅವರ ಮನೆಮಾತು ಮರಾಠಿ. ಬೆಳಗಾವಿಯಲ್ಲಿ ಅದು ಭಾಷೆಯ ಜಗಳಕ್ಕೆ ಬೋರ್ಡುಗಳಿಗೆ ಡಾಂಬರು ಬಳಿಯುವ ಕಾಲ. ಹಿರಿಯರ ಮನಸ್ಸು ನೋಯಬಾರದೆಂದು ನಾನು ನಡುಗಡ್ಡೆ ಎನ್ನದೆ, ಅವರದೇ ಶಬ್ದ ಎತ್ತಿಕೊಂಡೆ: "ಕಾಕಾ, ಬರೂ ಐತವಾರ ಹಕ್ಕಿ ಬೇಟಕ್ಕ ಹೋಗೂಣ್ರಿ."

ಮರಾಠಿಯ ಬೇಟ ಎಂದರೆ ದ್ವೀಪ, ನೀರಿನ ನಡುವೆ ನಿಲ್ಲುತ್ತದೆ. ಕನ್ನಡಕ್ಕೆ ದಾಟಿ ತುಸು ಬಿಗಿಯಾದರೆ ಬೆಟ್ಟ. ತುಸು ಸಡಿಲಾದರೆ ನಮ್ಮ ಕಡೆಯ ಬ್ಯಾಟಿ, ಅಂದರೆ ಬೇಟೆ. ಹಳಗನ್ನಡದಲ್ಲಿ ಬೇಟವೆಂದರೆ ಪ್ರೇಮ. ನನಗಿದ್ದದ್ದು ಅದೇ. ಆದರೆ ಕಾಕಾ, ಕನ್ನಡದ ಹುಡುಗನೆಂಬ ಗೌರವಕ್ಕೆ, ಕನ್ನಡದ ಕಿವಿಯನ್ನೇ ತೆರೆದು ಕೂತಿದ್ದರು.

ಐತವಾರ ಅವರು ಅಂಗಳದಲ್ಲಿ ನಗುತ್ತ ನಿಂತಿದ್ದರು. ಬುಟ್ಟಿ ಸರಿಸಿ, ಕಾಲು ಹಿಡಿದು ಎತ್ತಿ ತೋರಿಸಿದರು. ಹಕ್ಕಿಯ ಕತ್ತು ಜೋತುಬಿದ್ದಿತ್ತು, ಹಳದಿ ಕಣ್ಣು ಅರ್ಧ ಮುಚ್ಚಿತ್ತು.

"ಪ್ಯಾಟಿ ಹುಡುಗ, ಹೊಳ್ಯಾಗ ಇಳದು ತ್ರಾಸ ಪಡಬಾರದಂತ ನಾನಽ ಉರ್ಲ ಹಾಕಿ ಹಿಡದೆ. ನಿಮ್ಮ ಕಾಕಿ ಮಸಾಲಿ ಅರಿಯಾಕ ಹತ್ತ್ಯಾಳ."

"ನೋಡಾಕ ಬಂದಿದ್ನಿ ಕಾಕಾ. ಬರೇ ನೋಡಾಕ."

"ಮತ್ತ ಬ್ಯಾಟಿ ಅಂದಿ?"

"ಬೇಟ ಅಂದ್ನಿ. ನಿಮ್ಮ ಮರಾಠಿ ಬೇಟ."

ಕಾಕಾ ಹಕ್ಕಿಯನ್ನು ಮೆಲ್ಲಗೆ ಕೆಳಗಿಟ್ಟರು. "ಅರೆ ದೇವಾ! ನನ್ನ ಕೂಡ ನೀ ಯಾಕ ಮರಾಠಿ ಮಾತಾಡಿದ್ಯೋ?"

ಭಾಷೆಗಾಗಿ ಬಡಿದಾಡಿದವರ ಸುದ್ದಿ ಪತ್ರಿಕೆಯಲ್ಲಿ ದಿನಾ ಬರುತ್ತಿತ್ತು. ನಾವಿಬ್ಬರು ಬಡಿದಾಡಲಿಲ್ಲ, ನೀವು ಮೊದಲು, ನೀವು ಮೊದಲು ಎಂದು ದಾರಿ ಬಿಟ್ಟುಕೊಟ್ಟೆವು. ಸತ್ತದ್ದು ಹಕ್ಕಿ.

ಕಾಕಿ ಒಲೆ ಆರಿಸಿದರು. ನಾವು ಹೊಳೆಗೆ ನಡೆದೆವು. ದಂಡೆಯಿಂದಲೇ ದುರ್ಬೀನು ಹಿಡಿದೆ. ಬಿಸಿಲು ಕುದಿಯುವ ಬಂಡೆಯ ಮೇಲೆ ಒಂಟಿ ಗೊರವ ಕಾವು ಕೂತಿತ್ತು. ಅಷ್ಟು ಕಾದು ಸಿಕ್ಕ ನೋಟ, ನನಗೆ ನೋಡಲಾಗಲಿಲ್ಲ. ದುರ್ಬೀನನ್ನು ಕಾಕಾನ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ಕೆಳಗಿಳಿಸಲಿಲ್ಲ.

ಆಮೇಲೆ ದಂಡೆಯ ಮೇಲೆ ಕೋಲು ಊರಿ ಕೂತು, ಮರಿ ಹೊರಬರುವವರೆಗೆ ಇಲ್ಲಿ ಎಮ್ಮೆಯನ್ನೂ ನಾಯಿಯನ್ನೂ ನೀರಿಗೆ ಬಿಡುವುದಿಲ್ಲ ಎಂದರು. ಕನ್ನಡದಲ್ಲಿ ಹೇಳಿದರೋ ಮರಾಠಿಯಲ್ಲೋ, ಈಗ ನೆನಪಿಲ್ಲ. ನನಗೆ ಸರಿಯಾಗಿಯೇ ಅರ್ಥವಾಯಿತು.